ಮರದ ಕೆತ್ತನೆಯ ಕನ್ನಡಿ ಕೆಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬಳ್ಳಿ, ಹಂಸ, ಕಮಲ ಕೆತ್ತಿದ ಚೌಕಟ್ಟಿನೊಳಗೆ ಗಾಜು ಕೂರಿಸಿದ ಕನ್ನಡಿಯಲ್ಲಿ ಎರಡು ಒಲ್ಲದ ಸಂಗಾತಿಗಳಿರುತ್ತವೆ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಗಾಜು ಇದ್ದಷ್ಟೇ ಇರುತ್ತದೆ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಕಡಲ ಪಟ್ಟಿಯಲ್ಲಿ ಇದರ ಮೇಲೆ ಉಪ್ಪುಗಾಳಿಯೂ ಸೇರುತ್ತದೆ. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಉಪ್ಪು ಕಡಿಮೆ, ಆದರೆ ಆಟಿ ತಿಂಗಳಿನಲ್ಲಿ (ಜುಲೈ–ಆಗಸ್ಟ್) ಮುರಕಲ್ಲಿನ, ಅಂದರೆ ಲ್ಯಾಟರೈಟ್ ಕೆಂಪುಕಲ್ಲಿನ, ಗೋಡೆಯೇ ನೀರು ಕುಡಿದು ಬೆವರುತ್ತದೆ. ಎದುರಿಗೆ ಕಾಣುವ ದೋಷಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಹಿಂಬದಿಯಲ್ಲಿರುತ್ತದೆ. ಆದ್ದರಿಂದ ಯಾವ ಲಕ್ಷಣವಿದ್ದರೂ ಮೊದಲ ಕೆಲಸ ಒಂದೇ: ಕನ್ನಡಿ ಇಳಿಸಿ, ಬೆನ್ನು ನೋಡಿ.

ಇಳಿಸುವ ಮೊದಲು

3 ಅಡಿ × 2 ಅಡಿ ಅಳತೆಯ, 5 ಮಿ.ಮೀ. ದಪ್ಪದ ಗಾಜೊಂದೇ ಸುಮಾರು 7 ಕೆ.ಜಿ. ತೂಗುತ್ತದೆ. ಲೆಕ್ಕ ಸುಲಭ: ಒಂದು ಚದರ ಮೀಟರ್ ಗಾಜು, ದಪ್ಪದ ಪ್ರತಿ ಮಿಲಿಮೀಟರಿಗೆ ಎರಡೂವರೆ ಕೆ.ಜಿ. ನಾಲ್ಕು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಸಾಗುವಾನಿ ಚೌಕಟ್ಟು ಮತ್ತೆ 9 ಕೆ.ಜಿ., ಹಿಂದಿನ ಪ್ಲೈವುಡ್ 2 ಕೆ.ಜಿ. ಒಟ್ಟು 18 ಕೆ.ಜಿ. ಹತ್ತಿರ. ಒಬ್ಬರೇ ಸ್ಟೂಲು ಹತ್ತಿ ಇಳಿಸುವ ವಸ್ತು ಇದಲ್ಲ. ಇಬ್ಬರು ಬೇಕು, ದಪ್ಪ ಗ್ಲೌಸ್ ಮತ್ತು ಮುಚ್ಚಿದ ಚಪ್ಪಲಿ ಬೇಕು. ಹಿಡಿಯುವಾಗ ಕೆತ್ತನೆಯ ಚಾಚಿದ ಎಲೆಯನ್ನೋ ಹಂಸದ ಕೊಕ್ಕನ್ನೋ ಹಿಡಿಯಬೇಡಿ, ಕೆಳಗಿನ ಅಡ್ಡಪಟ್ಟಿಯನ್ನೇ ಹಿಡಿಯಿರಿ. ಗಾಜನ್ನು ನಿಲ್ಲಿಸಿಯೇ ಸಾಗಿಸಿ. ಮಲಗಿಸಿ ಎತ್ತಿದರೆ ತನ್ನ ಭಾರಕ್ಕೇ ನಡುವೆ ಬಾಗುತ್ತದೆ. ಇಳಿಸಿದ ಮೇಲೆ ಗೋಣಿಯ ಮೇಲೆ ಗೋಡೆಗೆ ಒರಗಿಸಿಡಿ, ಮುಖ ಗೋಡೆಯ ಕಡೆಗಿರಲಿ.

ಬೇಕಾದ ಸಾಮಾನು ಹೆಚ್ಚಿಲ್ಲ: ಟಾರ್ಚ್, ಅಳತೆ ಟೇಪ್, ದಾರ, ಹೊಲಿಗೆಯ ಸೂಜಿ, ಒಂದು ಹಾಳೆ ಕಪ್ಪು ಕಾಗದ, ಪೆನ್ಸಿಲ್.

"ಒರೆಸಿದರೂ ಮಂಜು ಹೋಗುವುದಿಲ್ಲ"

ಮೊದಲು ನೋಡಬೇಕಾದ್ದು, ಕೊಳೆ ಗಾಜಿನ ಎದುರಿಗಿದೆಯೋ ಹಿಂದಿದೆಯೋ ಎಂದು. ಕಲೆಯ ಹತ್ತಿರ ಕಣ್ಣು ತಂದು ಓರೆಯಾಗಿ ನೋಡಿ. ಕೊಳೆ ಎದುರಿಗಿದ್ದರೆ ಅದರ ಪ್ರತಿಬಿಂಬವೂ ಕಾಣುತ್ತದೆ, ಅಂದರೆ ಒಂದು ಚುಕ್ಕೆ ಎರಡಾಗುತ್ತದೆ. ಹಿಂಬದಿಯ ಲೇಪದಲ್ಲಿದ್ದರೆ ಎಷ್ಟು ಓರೆ ಮಾಡಿದರೂ ಒಂದೇ. ಕಾಸೂ ಖರ್ಚಾಗದ ಈ ಪರೀಕ್ಷೆ ಎಷ್ಟೋ ವ್ಯರ್ಥ ಉಜ್ಜಾಟವನ್ನು ಉಳಿಸುತ್ತದೆ.

ಎದುರಿನ ಮಂಜು ಸಾಮಾನ್ಯವಾಗಿ ದೀಪದೆಣ್ಣೆ, ಊದುಬತ್ತಿಯ ಹೊಗೆ, ಅಡಿಗೆಮನೆಯ ಜಿಡ್ಡು. ಉಗುರುಬೆಚ್ಚಗಿನ ಎರಡು ಲೋಟ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಒಂದೇ ಹನಿ. ಹಳೆಯ ಬೈರಾಸನ್ನು (ತೆಳು ಟವೆಲ್) ಅದ್ದಿ, ಹನಿ ಬೀಳದಂತೆ ಹಿಂಡಿ, ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಅಂಚಿಗೆ ಒಂದಿಂಚು ಇರುವಾಗ ನಿಲ್ಲಿಸಿ. ಆ ಒಂದಿಂಚಿಗೆ ಒಣಬಟ್ಟೆಯೇ ಸಾಕು. ಸ್ಪ್ರೇ ಬಾಟಲಿಯನ್ನು ಕನ್ನಡಿಗೆ ಹೊಡೆಯುವುದು ಈ ಮನೆಗಳ ದೊಡ್ಡ ತಪ್ಪು. ನೀರು ಇಳಿದು ಕೆಳಗಿನ ಕಚ್ಚಿನಲ್ಲಿ (ಚೌಕಟ್ಟಿನಲ್ಲಿ ಗಾಜು ಕೂರುವ ತೋಡು) ನಿಲ್ಲುತ್ತದೆ, ಅಲ್ಲಿಂದ ಲೇಪದೊಳಗೆ ಹತ್ತುತ್ತದೆ. ಹೊಡೆಯಲೇಬೇಕಾದರೆ ಬಟ್ಟೆಗೆ ಹೊಡೆಯಿರಿ. ಅಮೋನಿಯ ಇರುವ ಗಾಜಿನ ದ್ರಾವಣ ಬೇಡ.

ಬೋರ್‌ವೆಲ್ ನೀರಿನ ಬಿಳಿ ಕಲೆಯಾದರೆ ಒಂದು ಪಾಲು ವಿನೆಗರ್, ನಾಲ್ಕು ಪಾಲು ನೀರು, ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಮಾತ್ರ. ಅದಕ್ಕೂ ಹೋಗದಿದ್ದರೆ ಗಾಜೇ ಸವೆದಿದೆ. ಅದನ್ನು ಉಜ್ಜಿ ಹೊಳಪು ತರಿಸುವ ಖರ್ಚಿಗಿಂತ ಗಾಜು ಬದಲಿಸುವುದು ಲೇಸು.

"ಅಂಚಿನಲ್ಲಿ ಕಪ್ಪು ಕಲೆ ಹಬ್ಬುತ್ತಿದೆ"

ಜನ ಇದನ್ನು "ರಸ ಹೋಗಿದೆ" ಎನ್ನುತ್ತಾರೆ. ಮಾತು ಹಳೆಯದು, ಪಾದರಸ-ತವರದ ಲೇಪವಿದ್ದ ಕಾಲದ್ದು. 1835ರಲ್ಲಿ ಜರ್ಮನಿಯ ಲೀಬಿಗ್ ಬೆಳ್ಳಿ ಲೇಪಿಸುವ ರಾಸಾಯನಿಕ ವಿಧಾನ ಕಂಡುಹಿಡಿದ ಮೇಲೆ ಪಾದರಸ ಮೆಲ್ಲಗೆ ಹಿಂದೆ ಸರಿಯಿತು. ಇಂದಿನ ಸಾಮಾನ್ಯ ಕನ್ನಡಿಯಲ್ಲಿ ಗಾಜಿನ ಬೆನ್ನಿಗೆ ಮೈಕ್ರಾನಿನ ಹತ್ತನೇ ಒಂದು ಪಾಲಿನಷ್ಟು ತೆಳುವಾದ ಬೆಳ್ಳಿ, ಅದರ ರಕ್ಷಣೆಗೆ ತಾಮ್ರ ಅಥವಾ ತಾಮ್ರಕ್ಕೆ ಬದಲಿಯಾದ ಪದರ, ಕೊನೆಗೆ ಬಣ್ಣ. ಬಣ್ಣ ಬೆನ್ನನ್ನು ಕಾಯುತ್ತದೆ. ಕತ್ತರಿಸಿದ ಅಂಚನ್ನು ಯಾರೂ ಕಾಯುವುದಿಲ್ಲ, ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಕಲೆ ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ:

ಕೆಳ ಅಂಚಿನಲ್ಲಿ ಮಾತ್ರವಿದ್ದರೆ, ಒರೆಸುವಾಗಿನ ನೀರು. ಬಚ್ಚಲ ಪಕ್ಕದ ಕೈತೊಳೆಯುವ ಜಾಗದ ಕನ್ನಡಿಗಳಲ್ಲಿ ಇದೇ ಹೆಚ್ಚು.

ನಾಲ್ಕೂ ಸುತ್ತ ಒಂದೇ ಅಗಲದಲ್ಲಿದ್ದರೆ, ಗಾಳಿಯ ತೇವ ಮತ್ತು ಉಪ್ಪು. ಕಡಲಿಗೆ ಹತ್ತಿರದ ಮನೆಯಲ್ಲಿ ಇದು ಬೇಗ ಬರುತ್ತದೆ.

ನಡುವೆ, ಗೆರೆಯಾಗಿಯೋ ರೂಪಾಯಿಯಗಲದ ಬೊಟ್ಟುಗಳಾಗಿಯೋ ಇದ್ದರೆ, ಅಂಟು. ಹಿಂದಿನ ಹಲಗೆ ತೆಗೆದು ನೋಡಿ, ಅಂಟು ಹಚ್ಚಿದ ಆಕಾರವೇ ಎದುರಿಗೆ ಕಪ್ಪಾಗಿ ಮೂಡಿರುತ್ತದೆ. ಹಚ್ಚುವಾಗ ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನ್ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಬಣ್ಣವನ್ನು ದಾಟಿ ಬೆಳ್ಳಿಯನ್ನು ತಿನ್ನುತ್ತದೆ. ಕನ್ನಡಿಗೆ "ನ್ಯೂಟ್ರಲ್ ಕ್ಯೂರ್" ಎಂದು ಟ್ಯೂಬಿನ ಮೇಲೆ ಬರೆದಿರುವ ಸಿಲಿಕೋನ್ ಮಾತ್ರ ಸಲ್ಲುತ್ತದೆ. ಅಂಗಡಿಯಲ್ಲಿ "ಸಿಲಿಕೋನ್ ಕೊಡಿ" ಎಂದರೆ ಅಗ್ಗದ ಹುಳಿಯದ್ದೇ ಕೈಗೆ ಬರುತ್ತದೆ, ಓದಿ ಕೊಳ್ಳಿ.

ಬೆನ್ನಿಗೆ ಹಳೆಯ ಪತ್ರಿಕೆ ಮಡಚಿಟ್ಟಿದ್ದರೆ ತೆಗೆದುಬಿಡಿ. ಗಾಜು ಅಲುಗದಿರಲೆಂದು ಇಟ್ಟ ಕಾಗದ ಇಡೀ ಮಳೆಗಾಲ ಒದ್ದೆಬಟ್ಟೆಯ ಕೆಲಸ ಮಾಡುತ್ತದೆ.

ಹೋದ ಬೆಳ್ಳಿ ಒರೆಸಿದರೆ ಬರುವುದಿಲ್ಲ, ಹಿಂದಿನಿಂದ ಅಲ್ಯುಮಿನಿಯಂ ಪೇಂಟ್ ಬಳಿದರೂ ಬರುವುದಿಲ್ಲ. ಕಲೆ ಅಂಚಿನಿಂದ 6–8 ಮಿ.ಮೀ. ಒಳಗಿದ್ದರೆ ಚೌಕಟ್ಟಿನ ಒಳ ಅಂಚಿಗೆ ತೆಳು ಮರದ ಬೀಡಿಂಗ್ ಕೂರಿಸಿ ಮರೆಮಾಡಬಹುದು. ಜತೆಗೆ ಗಾಜನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಕನ್ನಡಿ ಅಂಚಿಗೆಂದೇ ಮಾರುವ ಸೀಲರ್ ಹಚ್ಚಿದರೆ ಹಬ್ಬುವ ವೇಗ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿದ್ದರೆ ಗಾಜು ಬದಲಿಸಿ, ಕೆತ್ತನೆ ಉಳಿಸಿ. ಬೆಲೆ ಇರುವುದು ಕೆತ್ತನೆಗೆ.

ಇಲ್ಲಿ ಒಂದು ಕಡೆ ಕೈ ತಡೆಯಬೇಕು. ತರವಾಡು ಮನೆಗಳ, ನೂರು ವರ್ಷ ಮೀರಿದ ಕನ್ನಡಿಯ ಬೆನ್ನು ಬಣ್ಣವಿಲ್ಲದೆ ಬೂದಿ ಬಣ್ಣದ ಲೋಹದಂತೆ ಕಂಡರೆ, ಕಲೆಗಳು ಕಪ್ಪಾಗಿರದೆ ಸಕ್ಕರೆ ಹರಳಿನಂತೆ ಮಿನುಗಿದರೆ, ಕೆಳ ಅಂಚಿನಲ್ಲಿ ಬೆಳ್ಳಿಯಂಥ ಸಣ್ಣ ಹನಿಗಳಿದ್ದರೆ ಅದು ನಿಜವಾದ ಪಾದರಸದ ಕನ್ನಡಿ. ಕೆರೆಯಬೇಡಿ, ಗುಡಿಸಬೇಡಿ, ವ್ಯಾಕ್ಯೂಮ್ ಹಾಕಲೇಬೇಡಿ. ಮಕ್ಕಳನ್ನು ದೂರವಿಟ್ಟು ಕಿಟಕಿ ತೆರೆದಿಡಿ. ಮುಂದಿನದು ಹಳೆಯ ವಸ್ತುಗಳ ಸಂರಕ್ಷಣೆ ಬಲ್ಲವರ ಕೆಲಸ. (ಆರನ್ಮುಳ ಕನ್ನಡಿ ಇದ್ದರೆ ಈ ಭಾಗದ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಅದರಲ್ಲಿ ಗಾಜೇ ಇಲ್ಲ, ಉಜ್ಜಿದ ತಾಮ್ರ-ತವರದ ಲೋಹ. ಅದಕ್ಕೆ ನೀರು, ಬೆರಳು ಎರಡೂ ಆಗದು.)

"ಚೌಕಟ್ಟಿನ ಮೂಲೆ ಬಿಟ್ಟಿದೆ"

ಓರೆ ಕತ್ತರಿಸಿ ಜೋಡಿಸಿದ ಮೂಲೆ ಯಾವ ಕಡೆ ಬಾಯಿ ಬಿಟ್ಟಿದೆ ಎಂದು ನೋಡಿ. ಬಿರುಕು ಗಾಜಿನ ಕಡೆ, ಅಂದರೆ ಒಳಮೂಲೆಯಲ್ಲಿ ಅಗಲವಾಗಿ ಹೊರಮೂಲೆಯಲ್ಲಿ ಮುಚ್ಚಿದ್ದರೆ ಜೋಡಿಸಿದ ಮೇಲೆ ಮರ ಒಣಗಿ ಕುಗ್ಗಿದೆ. ಹೊರಮೂಲೆಯಲ್ಲಿ ತೆರೆದು ಒಳಗೆ ಬಿಗಿಯಾಗಿದ್ದರೆ ಮರ ತೇವ ಕುಡಿದು ಉಬ್ಬಿದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಅಗಲಕ್ಕೆ ಮಾತ್ರ ಬದಲಾಗುತ್ತದೆ. ಅಗಲ ಬದಲಾದರೆ 45 ಡಿಗ್ರಿಯ ಕೋನ 45 ಆಗಿ ಉಳಿಯುವುದಿಲ್ಲ. ಅಷ್ಟೇ ಇದರ ಗುಟ್ಟು.

ಎಷ್ಟು ಬದಲಾಗುತ್ತದೆ? ಜಡಿಮಳೆಯಲ್ಲಿ ತೆರೆದ ಮನೆಯೊಳಗೆ ಮರದ ತೇವಾಂಶ ಶೇ. 18ರ ಹತ್ತಿರ ಏರುತ್ತದೆ, ಒಣ ದಿನಗಳಲ್ಲಿ ಶೇ. 12ರ ಆಸುಪಾಸಿಗೆ ಇಳಿಯುತ್ತದೆ. ಮರಗಳಲ್ಲೆಲ್ಲ ಸಮಾಧಾನಿ ಎನ್ನಬಹುದಾದ ಸಾಗುವಾನಿಯ ನಾಲ್ಕಿಂಚು ಅಗಲದ ಪಟ್ಟಿಯೂ ಈ ಏರಿಳಿತಕ್ಕೆ 1 ಮಿ.ಮೀ.ಗಿಂತ ತುಸು ಹೆಚ್ಚೇ ಆಡುತ್ತದೆ. ಸರಿಯಾಗಿ ಒಣಗದ ಮಾವು ಇನ್ನೂ ಹೆಚ್ಚು.

ಬಿರುಕಿಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ. ತೂರದಿದ್ದರೆ ಬಿಟ್ಟುಬಿಡಿ, ಋತು ತಿರುಗಿದಾಗ ಮುಚ್ಚುತ್ತದೆ. ಒಂದೆರಡು ಕಾರ್ಡ್ ಹೋಗುವಷ್ಟಿದ್ದರೆ ಬಿರುಕಿನ ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿ, ತಾರೀಕು ಬರೆದು, ಮೂರು ತಿಂಗಳು ಕಾಯಿರಿ. ಮರದಪುಡಿ-ಫೆವಿಕಾಲ್ ಕಲಸಿ ತುಂಬುವುದು ಎಲ್ಲರಿಗೂ ಹೊಳೆಯುವ ಉಪಾಯ. ಏಪ್ರಿಲಿನಲ್ಲಿ ತುಂಬಿದರೆ ಜುಲೈಯಲ್ಲಿ ಮರ ಉಬ್ಬುವಾಗ ಆ ಗಟ್ಟಿಮುದ್ದೆ ಬೆಣೆಯಂತೆ ವರ್ತಿಸಿ ಮೂಲೆಯನ್ನು ಇನ್ನಷ್ಟು ಸೀಳುತ್ತದೆ. ಜುಲೈಯಲ್ಲಿ ತುಂಬಿದರೆ ಏಪ್ರಿಲಿನಲ್ಲಿ ಉದುರುತ್ತದೆ. ಮೂಲೆ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ ಡಿಸೆಂಬರಿನವರೆಗೆ, ಮರ ನಡುಮಟ್ಟದಲ್ಲಿರುವಾಗ.

ಮೂಲೆ ಕೈಯಲ್ಲಿ ಅಲುಗಿದರೆ ಕಾಯುವಂತಿಲ್ಲ, ಬಿಚ್ಚಬೇಕು. ಗಾಜು ತೆಗೆಯಿರಿ. ಹಳೆಯ ಬಿಳಿ ಅಂಟನ್ನು ಬಿಸಿ ವಿನೆಗರ್ ಬಟ್ಟೆಯಿಂದ ಮೆತ್ತಗೆ ಮಾಡಿ, ಬೋಳು ಮರ ಕಾಣುವವರೆಗೆ ಕೆರೆಯಿರಿ. ಹಳೆಯ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ. ಪೂರ್ತಿ ಒಣಗಲು ಎರಡು ದಿನ ಬಿಡಿ. ಅಂಟು ಹಚ್ಚುವ ಮೊದಲು ಒಮ್ಮೆ ಒಣ ಜೋಡಣೆ ಮಾಡಿ ಎರಡು ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ದಾಟಬಾರದು. ಅಂಟಿಸಿ, ಸುತ್ತ ಹಗ್ಗ ಕಟ್ಟಿ, ಕೋಲು ಸಿಕ್ಕಿಸಿ ತಿರುಚಿ ಬಿಗಿಮಾಡಿ. ಹಗ್ಗ ಕೆತ್ತನೆ ಮೇಲೆ ಕೂರುವಲ್ಲಿ ರಟ್ಟಿನ ಮಡಿಕೆ ಇಡಿ. 24 ಗಂಟೆ, ಮಳೆಗಾಲದಲ್ಲಿ 48. ಆಮೇಲೆ ಹೊರಮೂಲೆಗೆ ಅಡ್ಡಲಾಗಿ 3 ಮಿ.ಮೀ. ಸೀಳು ಕೊಯ್ದು ಗಟ್ಟಿಮರದ ತೆಳು ಬೆಣೆ ಅಂಟಿಸಿದರೆ ಮೂಲೆಗೆ ಬಲ ಬರುತ್ತದೆ. ಈ ಕೊನೆಯ ಕೊಯ್ತ ಕೆತ್ತನೆಯ ಮೇಲೆ ಬರುವಂತಿದ್ದರೆ ಆಚಾರಿಯವರಿಗೇ ಬಿಡಿ.

ಮೂಲೆ ಗಟ್ಟಿಯಿದ್ದು ಪಟ್ಟಿಯ ನಡುವೆ ನಾರಿನ ಉದ್ದಕ್ಕೆ ಸೀಳು ಬಂದಿದ್ದರೆ ಹಿಂದಿನ ಪ್ಲೈವುಡ್ ನೋಡಿ. ಅದನ್ನು ಸುತ್ತಲೂ ಅಂಟಿಸಿದ್ದರೆ ಅಥವಾ ಒತ್ತೊತ್ತಾಗಿ ಮೊಳೆ ಹೊಡೆದಿದ್ದರೆ ಮರಕ್ಕೆ ಆಡಲು ದಾರಿಯೇ ಇಲ್ಲ, ಅದು ಸೀಳಿಯೇ ದಾರಿ ಮಾಡಿಕೊಂಡಿದೆ. ಪ್ಲೈವುಡ್ ಬಿಚ್ಚಿ, ಸ್ಕ್ರೂ ತೂತುಗಳನ್ನು ಅಗಲದ ದಿಕ್ಕಿಗೆ ಉದ್ದ ಮಾಡಿ, ವಾಷರ್ ಹಾಕಿ, ಬಿಗಿದು ಕಾಲು ಸುತ್ತು ಸಡಿಲ ಬಿಡಿ.

"ಗಾಜಿನಲ್ಲಿ ಬಿರುಕು"

ಮುಟ್ಟುವ ಮೊದಲು ಎದುರಿಗೆ ಅಗಲದ ಟೇಪನ್ನು ಗುಣಾಕಾರದ ಗುರುತಿನಂತೆ ಉದ್ದಕ್ಕೂ ಅಂಟಿಸಿ. ಬಿರುಕು ಬಿಟ್ಟ ಕನ್ನಡಿ ಗೋಡೆಯಲ್ಲಿ ತೂಗುತ್ತಿರಬಾರದು, ಅದೇ ದಿನ ಇಳಿಸಿ.

ಆಮೇಲೆ ಬಿರುಕಿನ ಹುಟ್ಟು ಹುಡುಕಿ. ಅಂಚಿಗೆ ಲಂಬವಾಗಿ ಹೊರಟು ಒಂದೆರಡು ಇಂಚಿನ ಮೇಲೆ ಅಂಕುಡೊಂಕಾದರೆ ಬಿಸಿಲಿನ ಬಿರುಕು. ಪಡುವಣ ಕಿಟಕಿಯಿಂದ ಸಂಜೆಯ ಬಿಸಿಲು ಗಾಜಿನ ನಡುವೆ ಬೀಳುತ್ತದೆ, ಅಂಚು ದಪ್ಪ ಕೆತ್ತನೆಯ ನೆರಳಲ್ಲಿ ತಣ್ಣಗಿರುತ್ತದೆ. ನಡು ಹಿಗ್ಗುತ್ತದೆ, ಅಂಚು ತಡೆಯುತ್ತದೆ, ಅಂಚು ಸೀಳುತ್ತದೆ. ಕನ್ನಡಿಗೆ ಒತ್ತಿ ಇಟ್ಟ ಹ್ಯಾಲೊಜನ್ ದೀಪವೂ ಇದನ್ನೇ ಮಾಡುತ್ತದೆ. ಅಂಚಿನಲ್ಲಿ ಚಿಪ್ಪಿನಾಕಾರದ ಚಿಕ್ಕ ಚಕ್ಕೆ ಎದ್ದಿದ್ದರೆ ಕತ್ತರಿಸುವಾಗಿನ ಅಥವಾ ಕೂರಿಸುವಾಗಿನ ಏಟು. ಮೂಲೆಯಿಂದ ಓರೆಯಾಗಿ ಹೊರಟಿದ್ದರೆ ಚೌಕಟ್ಟು ತಿರುಚಿದೆ ಅಥವಾ ಗಾಜು ಬಿಗಿಯಾಗಿ ಸಿಕ್ಕಿಕೊಂಡಿದೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಹರಡಿದ್ದರೆ ಹಿಂದಿನಿಂದ ಉದ್ದದ ಸ್ಕ್ರೂ ತಾಗಿರಬಹುದು.

ಕಾರಣ ತೆಗೆಯದೆ ಗಾಜು ಬದಲಿಸಿದರೆ ಹೊಸದೂ ಒಡೆಯುತ್ತದೆ. ಕಚ್ಚಿನ ಒಳ ಅಳತೆಗಿಂತ ಗಾಜು ಪ್ರತಿ ಬದಿಗೆ 2–3 ಮಿ.ಮೀ. ಚಿಕ್ಕದಿರಬೇಕು. ಅಳೆಯುವ ಕಾಲವೂ ಮುಖ್ಯ: ಮಳೆಗಾಲದಲ್ಲಿ ಅಳೆಯುವುದಾದರೆ ಆ ಜಾಗವೇ ಸಾಕು, ಬೇಸಿಗೆಯಲ್ಲಿ ಅಳೆದರೆ ಇನ್ನೂ ಒಂದು ಮಿ.ಮೀ. ಹೆಚ್ಚು ಬಿಡಿ, ಮರ ಮುಂದೆ ಉಬ್ಬಲಿದೆ. ಕೆಳಗೆ ಕಾಲುಭಾಗ ಒಂದು, ಮುಕ್ಕಾಲುಭಾಗ ಒಂದು ಎಂದು ಎರಡು ಕಡೆ 3 ಮಿ.ಮೀ. ದಪ್ಪದ ರಬ್ಬರ್ ತುಂಡು ಇಟ್ಟು ಅದರ ಮೇಲೆ ಗಾಜು ನಿಲ್ಲಿಸಿ. ಗಾಜಿನಡಿ ನೀರು ನಿಲ್ಲದಿರಲೂ ಇದೇ ಉಪಾಯ. ತೆರಪು ವಕ್ರವಾಗಿದ್ದರೆ, ಕೆತ್ತನೆಯ ಕನ್ನಡಿಗಳಲ್ಲಿ ಅದು ಇದ್ದೇ ಇರುತ್ತದೆ, ಹಿಂಬದಿಯಿಂದ ಕಂದು ಕಾಗದ ಒತ್ತಿ ಅಚ್ಚು ತೆಗೆದು, ರಟ್ಟಿನಲ್ಲಿ ಕತ್ತರಿಸಿ, ಚೌಕಟ್ಟಿಗೆ ಕೂರಿಸಿ ನೋಡಿ, ಆ ರಟ್ಟನ್ನೇ ಗಾಜಿನಂಗಡಿಗೆ ಕೊಡಿ. ಮೇಲಿನ ಕಡೆ ಎಂದು ಗುರುತು ಹಾಕುವುದನ್ನು ಮರೆಯಬೇಡಿ. ಅಂಚು ಉಜ್ಜಿಸಿ ತನ್ನಿ. ಟಫನ್ ಗಾಜು ಬೇಕಾದರೆ ಅಳತೆ ಮೊದಲೇ ಪಕ್ಕಾ ಇರಬೇಕು, ಹದ ಮಾಡಿದ ಮೇಲೆ ಅದನ್ನು ಕತ್ತರಿಸಲಾಗದು.

"ಮುಖ ಸೊಟ್ಟ ಕಾಣುತ್ತದೆ"

ಗಾಜಿನ ಎದುರಿಗೆ ಮೂಲೆಯಿಂದ ಮೂಲೆಗೆ ದಾರ ಎಳೆದು ಹಿಡಿಯಿರಿ. ದಾರಕ್ಕೂ ಅದರ ಬಿಂಬಕ್ಕೂ ನಡುವಿನ ಅಂತರ ಎಲ್ಲೆಡೆ ಒಂದೇ ಇದ್ದರೆ ಗಾಜು ಸಮವಾಗಿದೆ. ನಡುವೆ ಹತ್ತಿರವಾದರೆ ಉಬ್ಬಿದೆ, ದೂರವಾದರೆ ತಗ್ಗಿದೆ.

ಹಿಂದಿನ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ನೋಡಿ. ಹತ್ತರಲ್ಲಿ ಆರು ಸಲ ಅಷ್ಟರಲ್ಲೇ ಸರಿಹೋಗುತ್ತದೆ. ಹೋಗದಿದ್ದರೆ ಚೌಕಟ್ಟೇ ದೋಣಿಯಂತೆ ಬಾಗಿದೆಯೇ ನೋಡಿ. ಎದುರಿಗೆ ಮೂರು ಕೋಟ್ ಪಾಲಿಶ್, ಬೆನ್ನಿಗೆ ಹಸಿಮರ, ಇದು ಅಗ್ಗದ ಕೆಲಸದ ಗುರುತು. ಬೆನ್ನು ತೇವ ಕುಡಿಯುತ್ತದೆ, ಮುಖ ಕುಡಿಯುವುದಿಲ್ಲ, ಪಟ್ಟಿ ಬಾಗುತ್ತದೆ. ಒಣದಿನಗಳಲ್ಲಿ ಚಪ್ಪಟೆಯಾದ ಮೇಲೆ ಬೆನ್ನಿಗೂ ಎದುರಿನಷ್ಟೇ ಕೋಟ್ ಕೊಡಿ. ಗಾಜು 3 ಮಿ.ಮೀ. ಆಗಿದ್ದು ಎರಡಡಿಗಿಂತ ದೊಡ್ಡದಾಗಿದ್ದರೆ ತೊಂದರೆ ಗಾಜಿನದೇ, 5 ಮಿ.ಮೀ. ಹಾಕಿಸಿ.

"ಕೆಳಗೆ ಹಿಟ್ಟು ಬೀಳುತ್ತದೆ"

ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ. ಮೈದಾ ಹಿಟ್ಟಿನಂತೆ ನುಣುಪಾಗಿದ್ದು, ಮರದಲ್ಲಿ 1–2 ಮಿ.ಮೀ. ದುಂಡು ತೂತುಗಳಿದ್ದರೆ ಕುಟ್ಟೆ ಹುಳ. ಗಸಗಸೆಯಂತೆ ಎಲ್ಲವೂ ಒಂದೇ ಗಾತ್ರದ ಗಟ್ಟಿ ಕಾಳಾಗಿದ್ದರೆ ಒಣಮರದ ಗೆದ್ದಲು. ಬೆನ್ನಿನಲ್ಲಿ ಮಣ್ಣಿನ ಗೆರೆ ಇದ್ದರೆ ನೆಲದ ಗೆದ್ದಲು. ಅದು ಗೋಡೆಯಿಂದ ಬಂದದ್ದು, ಕನ್ನಡಿಗಿಂತ ಮೊದಲು ಗೋಡೆಗೆ ಚಿಕಿತ್ಸೆ ಬೇಕು.

ಹುಳ ಈಗಲೂ ಇದೆಯೇ? ಕನ್ನಡಿಯ ಕೆಳಗೆ ಕಪ್ಪು ಕಾಗದ ಹಾಸಿ, ಇರುವ ತೂತುಗಳಿಗೆಲ್ಲ ಪೆನ್ಸಿಲ್ ಸುತ್ತು ಹಾಕಿ, ಎರಡು ವಾರ ಬಿಡಿ. ಹೊಸ ಪುಡಿಯಾಗಲಿ, ಸುತ್ತಿಲ್ಲದ ತೂತಾಗಲಿ ಕಾಣದಿದ್ದರೆ ಹಳೆಯ ಕತೆ, ಮೇಣ ತುಂಬಿದರೆ ಸಾಕು. ಹಳೆಯ ತೂತಿನ ಒಳಗೆ ಕಪ್ಪಾಗಿ ಧೂಳು ಕೂತಿರುತ್ತದೆ, ಹೊಸದರ ಒಳಗೆ ಮರದ ಬಣ್ಣವೇ ಹೊಳೆಯುತ್ತದೆ.

ಕುಟ್ಟೆ ತಿನ್ನುವುದು ಪಿಷ್ಟವಿರುವ ಬಿಳಿ ಭಾಗವನ್ನು. ಹಲಸಿನ ಹಳದಿ ಕೆಚ್ಚಿಗೆ ಅದು ಸಾಮಾನ್ಯವಾಗಿ ಹಲ್ಲು ಹಾಕುವುದಿಲ್ಲ. ಅದೇ ಹಲಗೆಯ ಅಂಚಿನ ಬಿಳಿ ಪಟ್ಟಿಯನ್ನು ಜಾಲರಿ ಮಾಡಿಬಿಡುತ್ತದೆ. ರಬ್ಬರ್ ಮರ ಪೂರ್ತಿ ಬಿಳಿಯೇ. ಒತ್ತಡದಲ್ಲಿ ಔಷಧ ಹಾಯಿಸದ ರಬ್ಬರ್ ಮರದಲ್ಲಿ ಕೆತ್ತಿದ ಚೌಕಟ್ಟು ಕೊಳ್ಳುವವರು ಹುಳವನ್ನೂ ಸೇರಿಸಿಯೇ ಕೊಂಡಂತೆ.

ಹುಳ ಜೀವಂತವಿದ್ದರೆ ಕನ್ನಡಿಯನ್ನು ಬೇರೆ ಮರದ ಸಾಮಾನಿನಿಂದ ದೂರವಿಡಿ. ಗಾಜು ಪೂರ್ತಿ ತೆಗೆಯಿರಿ, ಔಷಧದ ಉಪ್ಪು ಬೆಳ್ಳಿಗೆ ತಾಗಬಾರದು. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಬೆನ್ನಿನ ಬೋಳು ಮರಕ್ಕೆ ಒಂದೊಂದು ಗಂಟೆ ಬಿಟ್ಟು ಮೂರು ಸಲ ಬಳಿಯಿರಿ, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ. ಪಾಲಿಶ್ ಮೇಲೆ ಬಳಿದರೆ ವ್ಯರ್ಥ, ಒಳಗೆ ಇಳಿಯುವುದಿಲ್ಲ. ಗ್ಲೌಸ್ ಹಾಕಿ, ಕಲಸಿದ ಪಾತ್ರೆಯನ್ನು ಮತ್ತೆ ಅಡಿಗೆಗೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸೀಮೆಎಣ್ಣೆ ಸುರಿಯುವ ರೂಢಿ ಬೇಡ. ಕಲೆ ಉಳಿಯುತ್ತದೆ, ದೀಪ ಹಚ್ಚುವ ಜಾಗದ ಹತ್ತಿರ ಅದು ಅಪಾಯ. ಸೂಜಿ ಚುಚ್ಚಿದಾಗ ತಡೆಯಿಲ್ಲದೆ ಒಂದು ಸೆಂಟಿಮೀಟರ್ ಇಳಿದರೆ, ಅದರಲ್ಲೂ ಗಾಜಿನ ಭಾರ ಹೊರುವ ಕೆಳಪಟ್ಟಿಯಲ್ಲಿ, ಔಷಧದ ಕಾಲ ಮೀರಿದೆ. ಆ ಪಟ್ಟಿಯನ್ನೇ ಬದಲಿಸಬೇಕು.

"ಪಾಲಿಶ್ ಬೆಳ್ಳಗಾಗಿದೆ, ಬೂಸಲು ಹಿಡಿದಿದೆ"

ಒರೆಸಿದರೆ ಬಟ್ಟೆಗೆ ಬಂದರೆ ಬೂಸಲು, ಬಾರದಿದ್ದರೆ ಪಾಲಿಶ್ ಒಳಗೆ ಸಿಕ್ಕಿದ ತೇವ. ಬೂಸಲನ್ನು ಕೆತ್ತನೆಯ ಸಂದಿನಿಂದ ಒಣ ಬ್ರಷ್‌ನಲ್ಲಿ ಹೊರಗೆ ಅಂಗಳದಲ್ಲಿ ತೆಗೆಯಿರಿ, ಮೂಗಿಗೆ ಬಟ್ಟೆ ಕಟ್ಟಿ. ಮತ್ತೆ ಮತ್ತೆ ಬಂದರೆ ದೋಷ ಗೋಡೆಯದು.

ಬಿಳಿ ಮಬ್ಬಿಗೆ ಮೊದಲು ಪಾಲಿಶ್ ಯಾವುದೆಂದು ತಿಳಿಯಬೇಕು. ಬೆನ್ನಿನ ಮರೆಯ ಜಾಗಕ್ಕೆ ಒಂದು ಹನಿ ಸ್ಪಿರಿಟ್ ಬಿಡಿ. ಅಂಟಂಟಾದರೆ ಅರಗಿನ ಫ್ರೆಂಚ್ ಪಾಲಿಶ್. ಅದಾದರೆ ಅದೃಷ್ಟ: ಹತ್ತಿಯನ್ನು ಬಟ್ಟೆಯಲ್ಲಿ ಕಟ್ಟಿ, ಸ್ಪಿರಿಟ್ ತಾಗಿಸಿ, ಬಹುತೇಕ ಒಣಗಿದ ಮೇಲೆ ಗರಿ ಸವರಿದಷ್ಟು ಹಗುರವಾಗಿ ಎಳೆದರೆ ಮಬ್ಬು ಕರಗುತ್ತದೆ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್ ಅಥವಾ ಪಿಯು (ಪಾಲಿಯುರಿಥೇನ್), ಕೆರೆದು ಮತ್ತೆ ಹೊಡೆಯಬೇಕು, ಪಾಲಿಶ್‌ನವರ ಕೆಲಸ. ಯಾವ ಪಾಲಿಶನ್ನೂ ಮಳೆ ಸುರಿಯುವ ದಿನ ಹೊಡೆಯಿಸಬೇಡಿ. ಸ್ಪಿರಿಟ್, ಥಿನ್ನರ್ ತೆರೆದಿರುವಾಗ ಮನೆಯೊಳಗೆ ಬೆಂಕಿ, ದೀಪ ಇರಕೂಡದು.

"ಕೆತ್ತಿದ ಎಲೆ ಎದ್ದು ಬಂದಿದೆ, ಚೂರು ಕನ್ನಡಿ ಉದುರುತ್ತಿದೆ"

ಬಳ್ಳಿಯೊಂದು ಚೌಕಟ್ಟಿನಿಂದ ಹೊರಟು ಗಾಜಿನ ಮೇಲೆ ಹಬ್ಬಿದಂತೆ ಕೆತ್ತುವ ಮಾದರಿ ಈಗ ಹೆಚ್ಚು. ಅದರ ಎಲೆಯನ್ನು ಗಾಜಿಗೂ ಅಂಟಿಸಿದ್ದರೆ ಅಲ್ಲೇ ತಪ್ಪು. ಎಲೆ ಅಗಲವಾಗುತ್ತದೆ, ಗಾಜು ಆಗುವುದಿಲ್ಲ, ಒಂದೋ ಅಂಟು ಬಿಡುತ್ತದೆ ಇಲ್ಲವೇ ಗಾಜು ಬಿರಿಯುತ್ತದೆ. ಎಲೆ ಚೌಕಟ್ಟಿಗೆ ಮಾತ್ರ ಅಂಟಿಕೊಂಡು, ಗಾಜಿನಿಂದ 2 ಮಿ.ಮೀ. ಮೇಲೆ ತೇಲಬೇಕು. ಆ ಸಂದಿನಲ್ಲಿ ಗಾಳಿ ಆಡುತ್ತದೆ, ಒರೆಸುವ ಬಟ್ಟೆಯ ಅಂಚೂ ಹೋಗುತ್ತದೆ. ಇನ್ನೊಂದು: ಗಾಜು ಎಲೆಯ ಬೆನ್ನನ್ನೂ ತೋರಿಸುತ್ತದೆ. ಕೆಲವರು "ಎಲೆ ಕೆಳಗೆ ಕೊಳೆ ಕೂತಿದೆ" ಎಂದು ಉಜ್ಜುವುದು ನಿಜವಾಗಿ ಉಳಿಯ ಗುರುತು ಹಾಗೆಯೇ ಬಿಟ್ಟ ಹಸಿಮರದ ಪ್ರತಿಬಿಂಬ. ಎಲೆ ಬಿಚ್ಚಿದಾಗ ಅದರ ಬೆನ್ನಿಗೂ ಮರಳುಕಾಗದ, ಪಾಲಿಶ್ ಕೊಡಿ.

ಮರದಲ್ಲಿ ಗುಳಿ ತೋಡಿ ಕೂರಿಸಿದ ಚೂರು ಕನ್ನಡಿಗಳದ್ದು, ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಕಷ್ಟ. ಚೂರು ಗುಳಿಗೆ ಕೂದಲೆಳೆಯಷ್ಟೂ ಬಿಡದೆ ಕೂತಿದ್ದರೆ ಬೇಸಿಗೆಯಲ್ಲಿ ಮರ ಅದನ್ನು ಹಿಂಡಿ ಹೊರಹಾಕುತ್ತದೆ. ಗುಳಿಯನ್ನು ಸುತ್ತ ಅರ್ಧ ಮಿ.ಮೀ. ಅಗಲಿಸಿ, ಹಳೆಯ ಅಂಟು ಕೆರೆದು, ನಡುವೆ ಒಂದು ಸಾಸಿವೆಯಷ್ಟು ನ್ಯೂಟ್ರಲ್ ಸಿಲಿಕೋನ್ ಇಟ್ಟು ಒತ್ತಿ. ಸೂಪರ್ ಗ್ಲೂ ಗಟ್ಟಿಯಾಗಿ ಒಡೆಯುತ್ತದೆ, ಅದರ ಹೊಗೆ ಗಾಜಿಗೆ ಬಿಳಿ ಪೊರೆ ಹಿಡಿಸುತ್ತದೆ.

"ಗೋಡೆಯಿಂದ ಮುಂದಕ್ಕೆ ವಾಲಿದೆ"

ಇದನ್ನು ಕಂಡ ದಿನವೇ ಇಳಿಸಬೇಕು. ಕಾರಣ ನಾಲ್ಕರಲ್ಲಿ ಒಂದು. ಹಗ್ಗ ಅಥವಾ ತಂತಿ ಹಿಗ್ಗಿರಬಹುದು. ತಂತಿಯ ಎಳೆ ತುಕ್ಕು ಹಿಡಿದು ಒಂದೊಂದಾಗಿ ಕಡಿದಿರಬಹುದು. ಚೌಕಟ್ಟಿನ ಕೊಂಡಿಯ ಸ್ಕ್ರೂ ಎದ್ದಿರಬಹುದು. ಕಬ್ಬಿಣದ ಸ್ಕ್ರೂ ಸುತ್ತ ಮರ ನೀಲಿಗಪ್ಪಾಗಿದ್ದರೆ ತೇವ, ಕಬ್ಬಿಣ ಮತ್ತು ಮರದ ಒಗರು ಸೇರಿ ಹಿಡಿತ ಸಡಿಲವಾಗಿದೆ, ಅಲ್ಲಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಹಾಕಿ. ಹೆಚ್ಚಾಗಿ ಆಗುವುದು ನಾಲ್ಕನೆಯದು: ಗೋಡೆಯ ಮೊಳೆಯೇ ಹೊರಗೆ ಬರುತ್ತಿರುತ್ತದೆ.

ಮುರಕಲ್ಲು ಕಾಂಕ್ರೀಟಲ್ಲ. ಹ್ಯಾಮರ್ ಡ್ರಿಲ್ ಇಟ್ಟರೆ 8 ಮಿ.ಮೀ. ಎಂದು ಕೊರೆದ ತೂತು ಒಳಗೆ ಪುಡಿಯಾಗಿ 11 ಆಗಿರುತ್ತದೆ, ಪ್ಲಾಸ್ಟಿಕ್ ಗಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಗ್) ನೆಪಕ್ಕೆ ಕೂರುತ್ತದೆ. ಏಟಿನ ಗುಂಡಿ ಆಫ್ ಮಾಡಿ, ಬರೀ ತಿರುಗಿಸಿ ಕೊರೆಯಿರಿ. ಗಿಲಾವಿನ ದಪ್ಪ ಬಿಟ್ಟು ಕಲ್ಲಿನೊಳಗೇ 80 ಮಿ.ಮೀ. ಇಳಿಯಬೇಕು, ಗಟ್ಟಿ 10 ಮಿ.ಮೀ. ಇರಲಿ. ಎರಡು ಕಲ್ಲಿನ ನಡುವಿನ ಗಾರೆಯಲ್ಲಿ ಕೊರೆಯಬೇಡಿ. ತೂತು ಈಗಾಗಲೇ ಕೆಟ್ಟಿದ್ದರೆ ಧೂಳು ಊದಿ ತೆಗೆದು, ನೀರು ಚಿಮುಕಿಸಿ, ಗಟ್ಟಿ ಸಿಮೆಂಟ್ ತುಂಬಿ ಕೊಕ್ಕೆ ಹೂತು, ಏಳು ದಿನ ಒದ್ದೆ ಇಟ್ಟು, ಆಮೇಲೆ ಭಾರ ಹಾಕಿ. ಕಲ್ಲು ಕೈಯಲ್ಲೇ ಉದುರುವಷ್ಟು ಮೆದುವಾಗಿದ್ದರೆ ಆ ಗೋಡೆಯಲ್ಲಿ ತೂಗಿಸುವ ಆಸೆ ಬಿಡಿ, ಕೆಳಗೆ ಮರದ ಕಾಲು ಕೊಟ್ಟು ನಿಲ್ಲಿಸಿ, ಮೇಲೆ ಬೀಳದಂತೆ ಒಂದು ಕೊಂಡಿ.

15 ಕೆ.ಜಿ. ಮೀರಿದ್ದಕ್ಕೆ ತಂತಿಗಿಂತ ಓರೆಪಟ್ಟಿ ಒಳ್ಳೆಯದು: ಒಂದು ಗಟ್ಟಿಮರದ ಪಟ್ಟಿಯನ್ನು 45 ಡಿಗ್ರಿಯಲ್ಲಿ ಉದ್ದಕ್ಕೆ ಸೀಳಿ, ಒಂದನ್ನು ಗೋಡೆಗೆ ಮೂರು ಸ್ಕ್ರೂ ಹಾಕಿ, ಇನ್ನೊಂದನ್ನು ಚೌಕಟ್ಟಿಗೆ, ಒಂದರ ಮೇಲೊಂದು ಕೂರಿಸುವುದು. ಭಾರ ಒಂದು ಮೊಳೆಗೆ ಬೀಳದೆ ಹಂಚುತ್ತದೆ, ಹಿಂದೆ ಅರ್ಧ ಇಂಚು ಗಾಳಿಗೂ ಜಾಗ ಸಿಗುತ್ತದೆ. ಕೆಳಗಿನ ಎರಡು ಮೂಲೆಗೂ ಅಷ್ಟೇ ದಪ್ಪದ ರಬ್ಬರ್ ಬಿಲ್ಲೆ ಅಂಟಿಸಿ.

ಬಿಸು ಕಣಿಗೆ (ಏಪ್ರಿಲ್ ನಡುವಿನ ಹೊಸವರ್ಷದ ಕಣಿ) ಕನ್ನಡಿ ಇಳಿಸುವ ಮನೆಗಳಲ್ಲಿ ಬೆನ್ನು ನೋಡಲು ಆ ದಿನವೇ ಒಳ್ಳೆಯ ನೆಪ. ಏಪ್ರಿಲಿನಲ್ಲಿ ಕೆಟ್ಟದ್ದು ಕಂಡರೆ ಮೇ ಕೊನೆಯ ವಾರದ ಪತ್ತನಾಜೆಗೆ ಮುಂಚೆ ಹುಳ, ಪಾಲಿಶ್, ಮೊಳೆಯ ಕೆಲಸ ಮುಗಿಸಲು ಒಂದು ತಿಂಗಳ ಮೇಲೆ ಕೈಯಲ್ಲಿರುತ್ತದೆ. ಮೂಲೆಯ ಬಿರುಕಿಗೆ ಮಾತ್ರ ತಾರೀಕು ಬರೆದು ಹಾಗೇ ಬಿಡಿ.